ಇಪ್ಪತ್ನಾಲ್ಕರ ಸಮಿತಿಗೆ ಬಹಿರಂಗ ಪತ್ರ: ಆ ನೆಲದವರನ್ನು ಮೊದಲು ಕೇಳಿ

ಇವರಿಗೆ,
ಅಧ್ಯಕ್ಷರು ಮತ್ತು ಸದಸ್ಯರು,
ವಸಾಹತು ವಿಮೋಚನೆಯ ವಿಶೇಷ ಸಮಿತಿ,
ವಿಶ್ವಸಂಸ್ಥೆ, ನ್ಯೂಯಾರ್ಕ್

ಮಾನ್ಯರೇ,

1966ರ ಆಗಸ್ಟ್‌ನಲ್ಲಿ ಬ್ರಿಟನ್ನಿನ ವಿದೇಶಾಂಗ ಕಚೇರಿಯ ಹಿರಿಯ ಅಧಿಕಾರಿ ಪಾಲ್ ಗೋರ್-ಬೂತ್ ಕಡತವೊಂದರಲ್ಲಿ ಒಂದು ಟಿಪ್ಪಣಿ ಬರೆದರು. ಹಿಂದೂ ಮಹಾಸಾಗರದ ನಡುವಿನ ಚಾಗೋಸ್ ದ್ವೀಪಗಳ ವಿಷಯ ಅದು. ನಮ್ಮದಾಗಿಯೇ ಉಳಿಯುವ ಒಂದಿಷ್ಟು ಬಂಡೆಗಳು ನಮಗೆ ಬೇಕು. ಅಲ್ಲಿ ಕಡಲಹಕ್ಕಿಗಳನ್ನು ಬಿಟ್ಟರೆ ಸ್ಥಳೀಯರು ಅಂತ ಯಾರೂ ಇರುವುದಿಲ್ಲ. ಆ ಹಕ್ಕಿಗಳಿಗಾಗಿ ಇನ್ನೂ ಒಂದು ಸಮಿತಿ ಹುಟ್ಟಿಲ್ಲ. ಟಿಪ್ಪಣಿಯ ಸಾರಾಂಶ ಇಷ್ಟು.

ಆಗ ಆ ದ್ವೀಪಗಳಲ್ಲಿ ಒಂದೂವರೆ ಸಾವಿರದಿಂದ ಎರಡು ಸಾವಿರ ಜನ ವಾಸವಾಗಿದ್ದರು. ತೆಂಗಿನ ತೋಟಗಳಲ್ಲಿ ದುಡಿದು ಕೊಬ್ಬರಿ ಮಾಡುತ್ತಿದ್ದರು. ಆಫ್ರಿಕಾ, ಮಡಗಾಸ್ಕರ್‌ಗಳಿಂದ ಗುಲಾಮರಾಗಿ, ಆಮೇಲೆ ಭಾರತದಿಂದ ಕೂಲಿಗಳಾಗಿ ಬಂದವರ ಮಕ್ಕಳು, ಮೊಮ್ಮಕ್ಕಳು ಅವರು. ಅವರ ಚರ್ಚು, ಹಿರಿಯರ ಗೋರಿ ಎಲ್ಲ ಅಲ್ಲೇ ಇದ್ದವು. ಅಂಥವರನ್ನು ಗುತ್ತಿಗೆ ಕೆಲಸಗಾರರು ಅಂತ ಕಾಗದದಲ್ಲಿ ತೋರಿಸಿದರು. ಖಾಯಂ ನಿವಾಸಿಗಳು ಅಂತ ಒಪ್ಪಿಕೊಂಡರೆ ವಿಶ್ವಸಂಸ್ಥೆಯ ಸನ್ನದಿನ 73ನೇ ವಿಧಿ ಅನ್ವಯವಾಗುತ್ತಿತ್ತು. ಅವರ ಬದುಕಿನ ಬಗ್ಗೆ ನಿಯಮಿತವಾಗಿ ವರದಿ ಕೊಡಬೇಕಾಗುತ್ತಿತ್ತು. ನಿಮ್ಮ ಸಮಿತಿ ಪ್ರಶ್ನೆ ಕೇಳುತ್ತಿತ್ತು.

ಅಲ್ಲಿ ಸೇನಾ ನೆಲೆ ಬೇಕಾಗಿದ್ದದ್ದು ಅಮೆರಿಕಕ್ಕೆ, ಅದಕ್ಕಾಗಿ ಆ ಜನರನ್ನು ದ್ವೀಪಗಳಿಂದ ಹೊರಹಾಕಿದರು. ಆದರೆ ಜನರನ್ನು ಕಾಗದದ ಮೇಲೆ ಇಲ್ಲವಾಗಿಸಿದ್ದು ನಿಮ್ಮ ಪ್ರಶ್ನೆಯಿಂದ ತಪ್ಪಿಸಿಕೊಳ್ಳಲು. ನಿಮ್ಮ ಸಮಿತಿಗೆ ಸೈನ್ಯವಿಲ್ಲ, ದಂಡ ಹಾಕುವ ಅಧಿಕಾರವಿಲ್ಲ, ಅದರಿಂದ ಏನು ಪ್ರಯೋಜನ ಅಂತ ಕೇಳುವವರು ಜಾಸ್ತಿ. ಅವರಿಗೆ ನಾನು ಈ ಕಡತವನ್ನು ತೋರಿಸುತ್ತೇನೆ. ಬಲವಿಲ್ಲದ ಸಮಿತಿಯಾಗಿದ್ದರೆ ಅದಕ್ಕೆ ಹೆದರಿ ಇಷ್ಟೆಲ್ಲ ಸುಳ್ಳು ಕಟ್ಟುವ ಅಗತ್ಯವೇ ಇರಲಿಲ್ಲ, ಅಲ್ವಾ?

ಹೋಗಿ ನೋಡುವುದು, ಅಲ್ಲಿನವರನ್ನು ಕೇಳುವುದು, ಕೇಳಿದ್ದನ್ನು ಜಗತ್ತಿನ ಮುಂದೆ ಬರೆದಿಡುವುದು. ನಿಮ್ಮ ಕೈಲಿರುವುದು ಇಷ್ಟು. ಇದನ್ನು ನೀವು ಪೂರ್ತಿಯಾಗಿ ಬಳಸುತ್ತಿಲ್ಲ ಅನ್ನುವುದು ನನ್ನ ದೂರು. ಎರಡು ಸರ್ಕಾರಗಳು ಒಂದು ನೆಲಕ್ಕಾಗಿ ಜಗಳಕ್ಕೆ ನಿಂತರೆ ಸಾಕು, ನಿಮ್ಮ ನಿರ್ಣಯಗಳಲ್ಲಿ ಆ ಎರಡು ಸರ್ಕಾರಗಳೇ ತುಂಬಿಕೊಳ್ಳುತ್ತವೆ. ಆ ನೆಲದ ಮೇಲೆ ಬದುಕುವವರು ಕೊನೆಯ ಸಾಲಿಗೆ ಹೋಗುತ್ತಾರೆ.

ಇನ್ನೂ ಸ್ವಯಮಾಡಳಿತ ಸಿಗದ ಪ್ರದೇಶಗಳ ಒಂದು ಪಟ್ಟಿ ನಿಮ್ಮ ಹತ್ತಿರ ಇದೆ. 1946ರಲ್ಲಿ ಎಂಟು ದೇಶಗಳು ತಾವು ಆಳುತ್ತಿದ್ದ 72 ಪ್ರದೇಶಗಳ ಹೆಸರು ಕೊಟ್ಟಾಗ ಶುರುವಾದ ಪಟ್ಟಿ ಅದು. 1960ರ ಡಿಸೆಂಬರ್ 14ರಂದು ವಿಶ್ವಸಂಸ್ಥೆಯ ಸಾಮಾನ್ಯ ಸಭೆ ವಸಾಹತುಗಳಿಗೆ ಸ್ವಾತಂತ್ರ್ಯ ಕೊಡಬೇಕು ಎಂಬ 1514ನೇ ನಿರ್ಣಯ ಮಾಡಿತು. 89 ದೇಶಗಳು ಪರವಾಗಿ ನಿಂತವು, ಒಂದೂ ವಿರುದ್ಧ ಹೋಗಲಿಲ್ಲ, ಒಂಬತ್ತು ದೇಶಗಳು ಮತ ಹಾಕದೆ ದೂರ ಉಳಿದವು. ಮರುದಿನವೇ 1541ನೇ ನಿರ್ಣಯ ಬಂತು. ಸ್ವಾತಂತ್ರ್ಯ, ಇನ್ನೊಂದು ದೇಶದ ಜೊತೆ ಸ್ವಂತ ಇಚ್ಛೆಯ ಒಡನಾಟ, ಅಥವಾ ಅದರಲ್ಲೇ ಸಮಾನರಾಗಿ ಸೇರಿಹೋಗುವುದು, ಈ ಮೂರರಲ್ಲಿ ಯಾವುದನ್ನಾದರೂ ಜನ ಆರಿಸಿಕೊಳ್ಳಬಹುದು ಅಂದಿತು. ಮರುವರ್ಷ ನಿಮ್ಮ ಸಮಿತಿ ಹುಟ್ಟಿತು. 1962ರಲ್ಲಿ ಅದರ ಸದಸ್ಯರ ಸಂಖ್ಯೆ 24ಕ್ಕೆ ಏರಿತು. ಇಂದು 29 ದೇಶಗಳಿದ್ದರೂ ಹಳೆಯ ಹೆಸರೇ ಉಳಿದಿದೆ. ಪಟ್ಟಿಯಲ್ಲಿ ಈಗ 17 ಪ್ರದೇಶಗಳಿವೆ. ಹತ್ತು ಬ್ರಿಟನ್ನಿನ ಕೈಲಿ, ಮೂರು ಅಮೆರಿಕದ ಕೈಲಿ, ಎರಡು ಫ್ರಾನ್ಸಿನ ಕೈಲಿ, ಒಂದು ನ್ಯೂಜಿಲೆಂಡಿನ ಕೈಲಿ. ಉಳಿದ ಒಂದು ಪಶ್ಚಿಮ ಸಹಾರಾ.

ಪಟ್ಟಿಯಲ್ಲಿ ಒಂದು ಹೆಸರು ಇದ್ದರೆಷ್ಟು, ಬಿಟ್ಟರೆಷ್ಟು ಅನ್ನುವವರಿಗೆ ಎರಡು ನೆಲಗಳ ಕಥೆ ಹೇಳಬೇಕು.

ಪೋರ್ಚುಗಲ್ 1955ರಲ್ಲಿ ವಿಶ್ವಸಂಸ್ಥೆ ಸೇರಿತು. ನಿಮ್ಮ ಕೈಕೆಳಗೆ ವಸಾಹತುಗಳಿವೆಯೇ ಎಂದು ಕೇಳಿದಾಗ ಒಂದೂ ಇಲ್ಲ ಎಂದು ಉತ್ತರ ಕೊಟ್ಟಿತು. 1951ರಲ್ಲೇ ಅದು ತನ್ನ ಸಂವಿಧಾನ ತಿದ್ದಿ ಎಲ್ಲವನ್ನೂ ಸಾಗರದಾಚೆಯ ಪ್ರಾಂತಗಳು ಅಂತ ಕರೆದುಕೊಂಡಿತ್ತು. ಸಾಮಾನ್ಯ ಸಭೆ ಅದನ್ನು ಒಪ್ಪಲಿಲ್ಲ. 1960ರ ಡಿಸೆಂಬರ್‌ನಲ್ಲಿ ಇವೆಲ್ಲ ವಸಾಹತುಗಳೇ ಎಂದು ಒಂದೊಂದರ ಹೆಸರನ್ನೂ ಬರೆಯಿತು. ಅಂಗೋಲ, ಮೊಜಾಂಬಿಕ್ ಇದ್ದ ಆ ಸಾಲಿನಲ್ಲೇ ಗೋವಾ ಇತ್ತು, ತಿಮೋರ್ ಕೂಡ ಇತ್ತು. ಮರುವರ್ಷದ ಡಿಸೆಂಬರ್‌ನಲ್ಲಿ ಗೋವಾ ಬಿಡುಗಡೆಯಾಯಿತು. ಪೂರ್ವ ತಿಮೋರ್ 1975ರ ಡಿಸೆಂಬರ್‌ನಲ್ಲಿ ಇಂಡೋನೇಷ್ಯಾದ ಸೈನ್ಯದ ಕೈಗೆ ಸಿಕ್ಕಿತು. ಇದು ನಮ್ಮ 27ನೇ ಪ್ರಾಂತ, ಚರ್ಚೆ ಮುಗಿಯಿತು ಅಂತ ಜಕಾರ್ತಾ ಸಾರಿತು. ಆದರೆ ನಿಮ್ಮ ಪಟ್ಟಿಯಿಂದ ಹೆಸರು ಅಳಿಯಲಿಲ್ಲ. ಪ್ರತಿ ವರ್ಷ ಆ ಹೆಸರನ್ನು ಓದಲಾಯಿತು. 1999ರ ಆಗಸ್ಟ್ 30ರಂದು ವಿಶ್ವಸಂಸ್ಥೆಯೇ ಮತಪೆಟ್ಟಿಗೆ ಇಟ್ಟಾಗ ನೂರಕ್ಕೆ 78.5ರಷ್ಟು ಮತ ಇಂಡೋನೇಷ್ಯಾದಿಂದ ಬೇರೆಯಾಗುವ ಪರ ಬಿತ್ತು. 2002ರ ಮೇ 20ರಂದು ತಿಮೋರ್ ಸ್ವತಂತ್ರ ದೇಶವಾಯಿತು.

ಅದೇ ಭಾಗದಲ್ಲಿ ಪಶ್ಚಿಮ ಪಪುವಾ ಇದೆ. ಡಚ್ಚರ ಕೈಲಿದ್ದ ನೆಲ. 1963ರಲ್ಲಿ ವಿಶ್ವಸಂಸ್ಥೆಯ ಮೂಲಕವೇ ಇಂಡೋನೇಷ್ಯಾದ ಕೈ ಸೇರಿತು. ಜನರ ಅಭಿಪ್ರಾಯ ಕೇಳುತ್ತೇವೆ ಎಂಬ ಮಾತು ಒಪ್ಪಂದದಲ್ಲಿತ್ತು. 1969ರಲ್ಲಿ ಕೇಳಿದ್ದು ಹೇಗೆ? ಲಕ್ಷಾಂತರ ಜನರ ಪರವಾಗಿ ಸಾವಿರ ಚಿಲ್ಲರೆ ಮಂದಿಯನ್ನು ಆರಿಸಿದರು. ಸೈನ್ಯದ ಕಣ್ಗಾವಲಿನಲ್ಲಿ ಅವರನ್ನು ಸೇರಿಸಿದರು. ಒಬ್ಬರೂ ಬೇಡ ಅನ್ನಲಿಲ್ಲ. ಸಾಮಾನ್ಯ ಸಭೆ ಅದನ್ನು ಗಮನಿಸಿದೆ ಎಂದು ಹೇಳಿ ಕಡತ ಮುಚ್ಚಿತು. ಪಟ್ಟಿಯಲ್ಲಿ ಇಲ್ಲದ ಕಾರಣ ಪಪುವಾದವರು ಇವತ್ತು ನಿಮ್ಮ ಬಾಗಿಲಿಗೆ ಬಂದರೂ ನೀವು ಅವರ ಅರ್ಜಿ ತೆಗೆದುಕೊಳ್ಳುವುದಿಲ್ಲ. ಎರಡೂ ಕಡೆ ಅದೇ ಇಂಡೋನೇಷ್ಯಾ, ಅದೇ ಸೈನ್ಯ. ಒಂದು ಹೆಸರು ಉಳಿಯಿತು, ಒಂದು ಹೆಸರು ಹೋಯಿತು.

ಅದಕ್ಕೇ ಪಶ್ಚಿಮ ಸಹಾರಾದ ಬಗ್ಗೆ ನನಗೆ ಇಷ್ಟು ಆತಂಕ.

ಸ್ಪೇನ್ ಆಳುತ್ತಿದ್ದ ಆ ನೆಲ ಸ್ಪ್ಯಾನಿಷ್ ಸಹಾರಾ ಎಂಬ ಹೆಸರಿನಲ್ಲಿ 1963ರಲ್ಲೇ ಪಟ್ಟಿ ಸೇರಿತು, ಇಂದಿಗೂ ಅದರಲ್ಲಿದೆ. 1975ರ ಮೇ ತಿಂಗಳಲ್ಲಿ ನಿಮ್ಮ ಸಮಿತಿಯಿಂದಲೇ ಐವರಿ ಕೋಸ್ಟ್, ಕ್ಯೂಬಾ, ಇರಾನ್ ದೇಶಗಳ ಪ್ರತಿನಿಧಿಗಳು ಅಲ್ಲಿಗೆ ಹೋದರು. ಊರೂರು ತಿರುಗಿದರು. ಜನ ಬಾವುಟ ಹಿಡಿದು ಬೀದಿಗೆ ಬಂದು ತಮ್ಮ ಮನಸ್ಸು ಹೇಳಿದರು. ಬಹುಪಾಲು ಜನರಿಗೆ ಸ್ವಾತಂತ್ರ್ಯ ಬೇಕು, ಮೊರಾಕ್ಕೊ ಬೇಡ, ಮಾರಿಟೇನಿಯಾವೂ ಬೇಡ ಎಂದು ಆ ತಂಡ ಬರೆದುಕೊಂಡು ಬಂತು. ಅದೇ ವರ್ಷದ ಅಕ್ಟೋಬರ್ 16ರಂದು ಹೇಗ್‌ನ ಅಂತಾರಾಷ್ಟ್ರೀಯ ನ್ಯಾಯಾಲಯವೂ ತನ್ನ ಅಭಿಪ್ರಾಯ ಕೊಟ್ಟಿತು. ಮೊರಾಕ್ಕೊದ ಸುಲ್ತಾನರಿಗೆ ಕೆಲವು ಬುಡಕಟ್ಟುಗಳ ಜೊತೆ ನಿಷ್ಠೆಯ ಸಂಬಂಧ ಇದ್ದದ್ದು ನಿಜ, ಆದರೆ ಆ ನೆಲದ ಮೇಲೆ ಸಾರ್ವಭೌಮತ್ವ ಇರಲಿಲ್ಲ, ಜನರೇ ತೀರ್ಮಾನಿಸಬೇಕು ಅಂದಿತು.

ಅದೇ ದಿನ ಮೊರಾಕ್ಕೊದ ದೊರೆ ಎರಡನೇ ಹಸನ್ ಜಾಥಾ ಘೋಷಿಸಿದರು. ನವೆಂಬರ್ 6ರಂದು ಸುಮಾರು ಮೂರೂವರೆ ಲಕ್ಷ ಜನರನ್ನು ಗಡಿ ದಾಟಿಸಿದರು. ಎಂಟು ದಿನದಲ್ಲಿ ಸ್ಪೇನ್ ಮ್ಯಾಡ್ರಿಡ್‌ನಲ್ಲಿ ಸಹಿ ಹಾಕಿ ಆಡಳಿತವನ್ನು ಎರಡು ನೆರೆ ದೇಶಗಳಿಗೆ ಒಪ್ಪಿಸಿತು. ಆ ಮೇಜಿನ ಸುತ್ತ ಆ ನೆಲದ ಜನರಾದ ಸಹರಾವಿಗಳಲ್ಲಿ ಒಬ್ಬರ ಮಾತಿಗೂ ಬೆಲೆ ಇರಲಿಲ್ಲ. ಯುದ್ಧವಾಯಿತು. ಲಕ್ಷಾಂತರ ಜನರ ಬದುಕು ಎರಡು ಹೋಳಾಯಿತು. ಒಂದು ಭಾಗ ಆಲ್ಜೀರಿಯಾದ ಟಿಂಡೂಫ್ ಮರುಭೂಮಿಯ ನಿರಾಶ್ರಿತರ ಶಿಬಿರಗಳಲ್ಲಿ, ಇನ್ನೊಂದು ಭಾಗ ಮೊರಾಕ್ಕೊದ ಆಡಳಿತದಲ್ಲಿ. ನಡುವೆ ಸುಮಾರು 2,700 ಕಿಲೋಮೀಟರ್ ಉದ್ದದ ಮರಳಿನ ದಿಬ್ಬ, ಅದರ ಉದ್ದಕ್ಕೂ ನೆಲಬಾಂಬು. ಬೂ ಕ್ರಾ ಗಣಿಯ ಫಾಸ್ಫೇಟ್ ಮಾತ್ರ ಸುಮಾರು 100 ಕಿಲೋಮೀಟರ್ ಉದ್ದದ ಕನ್ವೇಯರ್ ಬೆಲ್ಟ್ ಮೇಲೆ ಸಮುದ್ರ ತಲುಪಿ ಹಡಗು ಹತ್ತುತ್ತದೆ.

1991ರಲ್ಲಿ ಕದನವಿರಾಮವಾಯಿತು. ಜನಮತಗಣನೆ ನಡೆಸಲೆಂದೇ ವಿಶ್ವಸಂಸ್ಥೆ ಮಿನುರ್ಸೊ ಎಂಬ ತಂಡ ಕಳಿಸಿತು. ಯಾರು ಮತದಾರರು ಎಂಬಲ್ಲಿಗೇ ಎಲ್ಲ ನಿಂತಿತು. ವರ್ಷಗಟ್ಟಲೆ ಒಬ್ಬೊಬ್ಬರನ್ನೇ ವಿಚಾರಿಸಿ ಸುಮಾರು 86 ಸಾವಿರ ಹೆಸರುಗಳ ಪಟ್ಟಿ ಮಾಡಿದರು. ತಕ್ಷಣ ಒಂದು ಲಕ್ಷಕ್ಕೂ ಜಾಸ್ತಿ ಮೇಲ್ಮನವಿಗಳು ಬಂದು ಬಿದ್ದವು. ಮತದಾನ ಇವತ್ತಿನವರೆಗೂ ನಡೆದಿಲ್ಲ. 2020ರ ಡಿಸೆಂಬರ್‌ನಲ್ಲಿ ಅಮೆರಿಕದ ಅಧ್ಯಕ್ಷರು ಇದು ಮೊರಾಕ್ಕೊದ್ದೇ ಅಂದರು. 2022ರಲ್ಲಿ ಹಳೆಯ ಒಡೆಯ ಸ್ಪೇನ್ ಕೂಡ, ಆ ನೆಲಕ್ಕೆ ತನ್ನೊಳಗೇ ಸ್ವಾಯತ್ತತೆ ಕೊಡುವ ಮೊರಾಕ್ಕೊದ ಯೋಜನೆಯ ಕಡೆ ವಾಲಿತು. 2025ರ ಅಕ್ಟೋಬರ್ 31ರಂದು ಭದ್ರತಾ ಮಂಡಳಿ ಅದೇ ಯೋಜನೆಯನ್ನು ಮಾತುಕತೆಯ ತಳಹದಿ ಮಾಡಿತು.

ಇರಲಿ. ಸ್ವಾಯತ್ತತೆಯೇ ಒಳ್ಳೆಯದು ಅಂತ ಸಹರಾವಿಗಳಿಗೆ ಅನಿಸಿದರೆ ಅವರು ಅದನ್ನೇ ಆರಿಸಿಕೊಳ್ಳಲಿ. ಅದು ಅವರ ಹಕ್ಕು. ಆದರೆ ಅವರನ್ನು ಕೇಳುವ ಮೊದಲೇ ಪಟ್ಟಿಯಿಂದ ಹೆಸರು ತೆಗೆಯಿರಿ ಎಂಬ ಒತ್ತಡ ಇನ್ನು ಮುಂದೆ ನಿಮ್ಮ ಮೇಲೆ ಬರುತ್ತದೆ. ದಯವಿಟ್ಟು ಬಗ್ಗಬೇಡಿ. 1975ರ ನಿಮ್ಮ ತಂಡದ ಆ ವರದಿಯನ್ನು ಹೊರತೆಗೆದು ಮತ್ತೆ ಸಭೆಯ ಮುಂದಿಡಿ. ಇನ್ನೊಂದು ತಂಡ ಕಳಿಸಲು ಅನುಮತಿ ಕೇಳಿ. ಕೊಡದಿದ್ದರೆ ಯಾರು, ಯಾವಾಗ, ಏನು ಕಾರಣ ಹೇಳಿ ಬೇಡ ಅಂದರು ಎಂಬುದನ್ನು ಪ್ರತಿ ವರ್ಷದ ವರದಿಯಲ್ಲಿ ಬರೆಯಿರಿ.

ಕೇಳುವುದು ಅಂದರೆ ಬರೀ ಮತಪೆಟ್ಟಿಗೆ ಇಡುವುದಲ್ಲ. ಪೆಸಿಫಿಕ್ ಸಾಗರದಲ್ಲಿ ಫ್ರಾನ್ಸ್ ಆಳುವ ನ್ಯೂ ಕ್ಯಾಲಿಡೋನಿಯಾವನ್ನೇ ನೋಡಿ. 1947ರಲ್ಲಿ ಫ್ರಾನ್ಸ್ ಅದನ್ನು ಪಟ್ಟಿಯಿಂದ ಹೊರಗೆ ಎಳೆದುಕೊಂಡಿತ್ತು. 1986ರಲ್ಲಿ ಸಾಮಾನ್ಯ ಸಭೆ ವಾಪಸ್ ಸೇರಿಸಿತು. 1998ರ ನೂಮಿಯಾ ಒಪ್ಪಂದದಂತೆ ಮೂರು ಜನಮತಗಣನೆಗಳು ನಡೆದವು. 2018ರಲ್ಲಿ ನೂರಕ್ಕೆ 56.7 ಮಂದಿ ಸ್ವಾತಂತ್ರ್ಯ ಬೇಡ ಅಂದರು. 2020ರಲ್ಲಿ ಅದು 53.3ಕ್ಕೆ ಇಳಿಯಿತು. ಮೂರನೆಯದು 2021ರ ಡಿಸೆಂಬರ್‌ಗೆ ನಿಗದಿಯಾಗಿತ್ತು. ಅಷ್ಟರಲ್ಲಿ ಕೋವಿಡ್ ಅಲ್ಲಿನ ಮೂಲನಿವಾಸಿಗಳಾದ ಕನಕ್ ಜನರ ಮನೆಗಳಿಗೆ ನುಗ್ಗಿತ್ತು. ಸತ್ತವರಿಗೆ ಅವರ ಪದ್ಧತಿಯಂತೆ ದೀರ್ಘ ಕಾಲ ಶೋಕ ಆಚರಿಸಬೇಕು, ಪ್ರಚಾರ ಮಾಡಲು ಆಗುವುದಿಲ್ಲ, ಸ್ವಲ್ಪ ಮುಂದೂಡಿ ಎಂದು ನಾಯಕರು ಕೇಳಿಕೊಂಡರು. ಪ್ಯಾರಿಸ್ ಕೇಳಲಿಲ್ಲ. ಕನಕ್ ಜನ ಮತಗಟ್ಟೆಗೆ ಬರಲಿಲ್ಲ. ನೂರಕ್ಕೆ 44 ಮಂದಿ ಮಾತ್ರ ಮತ ಹಾಕಿದರು, ಹಾಕಿದವರಲ್ಲಿ 96.5 ಬೇಡ ಅಂದರು. ಇದನ್ನು ಜನರ ತೀರ್ಪು ಅಂತ ಒಪ್ಪಲು ನನ್ನಿಂದ ಆಗುವುದಿಲ್ಲ. 2024ರ ಮೇ ತಿಂಗಳಲ್ಲಿ ಮತದಾರರ ಪಟ್ಟಿಯನ್ನು ಹೊಸದಾಗಿ ಬಂದು ನೆಲೆಸಿದವರಿಗೂ ತೆರೆಯಲು ಹೊರಟಾಗ ಬೆಂಕಿ ಹತ್ತಿತು, ಹತ್ತಕ್ಕೂ ಹೆಚ್ಚು ಜೀವಗಳು ಹೋದವು. ತಾನೇ ಕರೆಸಿದ ವಲಸಿಗರ ಮತ ಎಣಿಸಿ ಆಳುವ ದೇಶ ಗೆಲ್ಲುವುದಾದರೆ, ಮೊದಲೇ ಇದ್ದವರ ಹಕ್ಕು ಎಲ್ಲಿ ಉಳಿಯಿತು?

ಇಲ್ಲಿಗೆ ಬಂದರೆ ಫಾಕ್‌ಲ್ಯಾಂಡ್ ದ್ವೀಪಗಳ ಪ್ರಶ್ನೆಯನ್ನೂ ಎತ್ತಲೇಬೇಕು. ಅದನ್ನು ಮಾಲ್ವಿನಾಸ್ ಅಂತ ಕರೆಯುವ ಅರ್ಜೆಂಟೀನಾದವರ ನೋವು ನನಗೆ ಅರ್ಥವಾಗುತ್ತದೆ. 1833ರಲ್ಲಿ ಬ್ರಿಟಿಷ್ ನೌಕಾಪಡೆ ಬಂದು ಅವರ ಆಡಳಿತವನ್ನು ಹೊರಗೆ ಕಳಿಸಿದ್ದು ಸುಳ್ಳಲ್ಲ. ಆದರೆ 1965ರ 2065ನೇ ನಿರ್ಣಯ ಎರಡು ಸರ್ಕಾರಗಳು ಕೂತು ಮಾತಾಡಲಿ, ಜನರ ಹಿತವನ್ನು ಗಮನದಲ್ಲಿಡಲಿ ಎಂದಿತು. ಜನರನ್ನು ಕೇಳಿ ಎನ್ನಲಿಲ್ಲ. ಹದಿನೇಳು ವರ್ಷಗಳ ನಂತರ ಅರ್ಜೆಂಟೀನಾದ ಸೇನಾಡಳಿತ ಕೇಳದೆಯೇ ನುಗ್ಗಿತು. 74 ದಿನಗಳ ಯುದ್ಧದಲ್ಲಿ ಅರ್ಜೆಂಟೀನಾದ 649 ಮಂದಿ, ಬ್ರಿಟನ್ನಿನ 255 ಮಂದಿ, ದ್ವೀಪದ ಮೂವರು ಸತ್ತರು. 2013ರಲ್ಲಿ ಅಲ್ಲಿನವರು ಮತ ಹಾಕಿದಾಗ ಬ್ರಿಟನ್ ಬೇಡ ಅಂದವರು ಮೂರೇ ಮೂರು ಜನ. ಇವರೂ ವಲಸಿಗರ ಮಕ್ಕಳೇ ಅನ್ನುವ ವಾದ ಇದೆ. ಆದರೆ ಕನಕ್ ಜನರ ಹಾಗೆ ಅಲ್ಲಿ ಮೊದಲೇ ನೆಲೆ ನಿಂತು, ಈಗ ಬದಿಗೆ ಸರಿಸಲ್ಪಟ್ಟ ಮೂಲ ಜನಾಂಗ ಇಲ್ಲ. ಹಲವು ತಲೆಮಾರುಗಳಿಂದ ಇವರು ಅಲ್ಲೇ ಹುಟ್ಟಿ ಅಲ್ಲೇ ಮಣ್ಣಾಗಿದ್ದಾರೆ. ಬನ್ನಿ, ನಮ್ಮನ್ನು ನೋಡಿ ಅಂತ ನಿಮ್ಮನ್ನು ಕರೆಯುತ್ತಲೇ ಇದ್ದಾರೆ. ಪ್ರತಿ ಜೂನ್‌ನಲ್ಲಿ ಅವರು ಆರಿಸಿದ ಪ್ರತಿನಿಧಿಗಳು ನ್ಯೂಯಾರ್ಕಿಗೆ ಬಂದು ಮಾತಾಡುತ್ತಾರೆ, ನೀವು ಕೇಳಿಸಿಕೊಳ್ಳುತ್ತೀರಿ, ಮತ್ತೆ ಎರಡು ಸರ್ಕಾರಗಳು ಮಾತಾಡಲಿ ಅಂತ ಅದೇ ನಿರ್ಣಯ ಮಾಡುತ್ತೀರಿ. ಹೋಗಿ ನೋಡಿ ಬನ್ನಿ. ಹೋದ ಮಾತ್ರಕ್ಕೆ ಬ್ರಿಟನ್ನಿನ ಪರ ನಿಂತ ಹಾಗೆ ಆಗುವುದಿಲ್ಲ.

ಆಳುವವರು ಸಹಕರಿಸುವುದಿಲ್ಲ ಎಂಬ ನಿಮ್ಮ ಕಷ್ಟವೂ ನನಗೆ ಗೊತ್ತಿದೆ. ಬ್ರಿಟನ್, ಅಮೆರಿಕ ಎರಡೂ 1971ರಲ್ಲಿ ಸಮಿತಿಯಿಂದ ಹೊರನಡೆದವು. ಫ್ರೆಂಚ್ ಪಾಲಿನೇಷ್ಯಾ 2013ರಲ್ಲಿ ಪಟ್ಟಿಗೆ ಮರಳಿದ ಮೇಲೆ ಫ್ರಾನ್ಸ್ ಹತ್ತು ವರ್ಷ ಆ ಚರ್ಚೆಗೆ ಕುರ್ಚಿ ಖಾಲಿ ಬಿಟ್ಟಿತು. ಆ ನೆಲದಲ್ಲಿ ಅದು 1966ರಿಂದ 1996ರವರೆಗೆ 193 ಅಣು ಪರೀಕ್ಷೆ ನಡೆಸಿದೆ. ಆದರೆ ಸಹಕಾರವಿದ್ದರೆ ಕೆಲಸ ಎಷ್ಟು ಸಲೀಸು ಅನ್ನುವುದಕ್ಕೆ ಟೋಕೆಲಾವ್ ಇದೆ. ಮೂರು ಹವಳದ ದ್ವೀಪಗಳು, ಒಂದೂವರೆ ಸಾವಿರದಷ್ಟು ಜನ. ನ್ಯೂಜಿಲೆಂಡ್ ನಿಮ್ಮನ್ನು ಬರಮಾಡಿಕೊಂಡಿತು. 2006 ಮತ್ತು 2007ರಲ್ಲಿ ವಿಶ್ವಸಂಸ್ಥೆಯ ಕಣ್ಣೆದುರೇ ಮತದಾನವಾಯಿತು. ಸ್ವಯಮಾಡಳಿತಕ್ಕೆ ಮೂರರಲ್ಲಿ ಎರಡು ಪಾಲು ಮತ ಬೇಕಿತ್ತು, ಎರಡನೇ ಸಲ 16 ಮತ ಕಡಿಮೆ ಬಿತ್ತು. ಸರಿ, ಈಗಿರುವಂತೆಯೇ ಇರೋಣ ಅಂದರು. ಬಾವುಟ ಬದಲಾಗಲಿಲ್ಲ, ಆದರೆ ಆ ತೀರ್ಮಾನ ಅವರದೇ ಆಗಿತ್ತು.

ಕೇಳಿಸಿಕೊಂಡು ಸುಮ್ನೆ ಕೂರುವುದರಿಂದ ಏನಾಗುತ್ತದೆ ಅನ್ನುವುದಕ್ಕೆ ಮಾರ್ಷಲ್ ದ್ವೀಪಗಳನ್ನು ನೆನಪಿಸುತ್ತೇನೆ. ಅವು ವಿಶ್ವಸಂಸ್ಥೆಯೇ ಅಮೆರಿಕದ ಕೈಗೆ ಒಪ್ಪಿಸಿದ್ದ ಟ್ರಸ್ಟ್ ಪ್ರದೇಶಗಳು. ನಿಮ್ಮ ಸಮಿತಿಗಿಂತ ಜಾಸ್ತಿ ಅಧಿಕಾರವಿದ್ದ ಟ್ರಸ್ಟೀಷಿಪ್ ಮಂಡಳಿ ಅವುಗಳ ಮೇಲೆ ಕಣ್ಣಿಟ್ಟಿತ್ತು. 1954ರ ಮಾರ್ಚ್ 1ರಂದು ಅಲ್ಲಿನ ಬಿಕಿನಿಯಲ್ಲಿ ಅಮೆರಿಕ ಪರೀಕ್ಷೆಗಾಗಿ ಬ್ರಾವೊ ಎಂಬ ಹೈಡ್ರೋಜನ್ ಬಾಂಬು ಸಿಡಿಸಿತು. ರೊಂಗೆಲಾಪ್ ದ್ವೀಪದ ಮೇಲೆ ಬಿಳಿ ಬೂದಿ ಉದುರಿತು, ಜನರನ್ನು ಅಲ್ಲಿಂದ ಸಾಗಿಸಿದ್ದು ಎರಡು ದಿನ ಕಳೆದ ಮೇಲೆ. ಏಪ್ರಿಲ್‌ನಲ್ಲಿ ಮಾರ್ಷಲ್ ಜನ ಮಂಡಳಿಗೆ ಅರ್ಜಿ ಬರೆದರು. ಈ ಪರೀಕ್ಷೆಗಳನ್ನು ಕೂಡಲೇ ನಿಲ್ಲಿಸಿ ಅಂದರು. ನಮಗೆ ನೆಲವೇ ಪ್ರಾಣ, ಅದನ್ನು ಕಿತ್ತುಕೊಂಡರೆ ನಮ್ಮ ಚೈತನ್ಯವೂ ಹೋಗುತ್ತದೆ ಅಂದರು. ಮಂಡಳಿ ವಿಷಾದ ಹೇಳಿತು, ಮುನ್ನೆಚ್ಚರಿಕೆ ವಹಿಸಿ ಅಂತ ಅಮೆರಿಕಕ್ಕೆ ಸೂಚಿಸಿತು. ಪರೀಕ್ಷೆಗಳು 1958ರವರೆಗೂ ನಡೆದವು. ಒಟ್ಟು 67.

ಈಗ ಚಾಗೋಸ್‌ಗೆ ಮರಳುತ್ತೇನೆ, ಏಕೆಂದರೆ ಈ ಹೊತ್ತಿನಲ್ಲಿ ಅತಿ ತುರ್ತಾಗಿ ನಿಮ್ಮ ಧ್ವನಿ ಬೇಕಾಗಿರುವುದು ಅಲ್ಲಿ.

2018ರ ಸೆಪ್ಟೆಂಬರ್‌ನಲ್ಲಿ ಹೇಗ್ ನ್ಯಾಯಾಲಯದಲ್ಲಿ ಪೆರೋಸ್ ಬಾನ್ಯೋಸ್ ದ್ವೀಪದಲ್ಲಿ ಹುಟ್ಟಿದ ಒಬ್ಬ ಮಹಿಳೆಯ ಮಾತನ್ನು ವಿಡಿಯೊದಲ್ಲಿ ಕೇಳಿಸಿದರು. ಅವರು ತಮ್ಮ ಕ್ರಿಯೋಲ್ ಭಾಷೆಯಲ್ಲಿ ಮಾತಾಡಿದರು. ಮೊದಲು ಆಹಾರ ತರುವ ಹಡಗು ಬರುವುದು ನಿಂತಿತು. ಆಮೇಲೆ ಒಂದು ದಿನ ಎಲ್ಲರೂ ಹೊರಡಬೇಕು ಅಂದರು. ತಮ್ಮ ದ್ವೀಪ ಕಣ್ಣಿಗೆ ಬೀಳದಿರಲಿ ಅಂತ ಕತ್ತಲೆಯಲ್ಲಿ ಹಡಗು ಹತ್ತಿಸಿದರು. ಆಗ ಅವರು ನಾಲ್ಕು ತಿಂಗಳ ಗರ್ಭಿಣಿ. ಹಡಗಿನ ತಳದಲ್ಲಿ ಪ್ರಾಣಿಗಳ ಹಾಗೆ ನಾಲ್ಕು ದಿನ. ಮಾರಿಷಸ್ ಸೇರಿದ ಮೇಲೆ ಹುಟ್ಟಿದ ಮಗು ಉಳಿಯಲಿಲ್ಲ. 2019ರ ಫೆಬ್ರವರಿ 25ರಂದು ನ್ಯಾಯಾಲಯ ಹೇಳಿತು: ಚಾಗೋಸ್ ದ್ವೀಪಗಳನ್ನು 1965ರಲ್ಲಿ ಮಾರಿಷಸ್‌ನಿಂದ ಕತ್ತರಿಸಿದ್ದು ಕಾನೂನಿಗೆ ವಿರುದ್ಧ, ಬ್ರಿಟನ್ ಆದಷ್ಟು ಬೇಗ ತನ್ನ ಆಡಳಿತ ಮುಗಿಸಬೇಕು. ಮೂರು ತಿಂಗಳಲ್ಲಿ ಸಾಮಾನ್ಯ ಸಭೆ 116 ಮತಗಳಿಂದ ಅದನ್ನು ಎತ್ತಿಹಿಡಿಯಿತು. ವಿರೋಧಿಸಿದವು ಆರೇ ದೇಶ.

2025ರ ಮೇ 22ರಂದು ಬ್ರಿಟನ್ ಮತ್ತು ಮಾರಿಷಸ್ ಒಪ್ಪಂದಕ್ಕೆ ಸಹಿ ಹಾಕಿದವು. ಸಾರ್ವಭೌಮತ್ವ ಮಾರಿಷಸ್‌ಗೆ, ಚಾಗೋಸ್‌ನ ಅತಿ ದೊಡ್ಡ ದ್ವೀಪ ಡೀಗೊ ಗಾರ್ಸಿಯಾದ ಸೇನಾ ನೆಲೆ 99 ವರ್ಷ ಬ್ರಿಟನ್ನಿಗೆ, ಬಾಡಿಗೆ ವರ್ಷಕ್ಕೆ ಸರಾಸರಿ 10 ಕೋಟಿ ಪೌಂಡಿಗೂ ಮೇಲೆ. ಎಲ್ಲ ಲೆಕ್ಕವೂ ಅದರಲ್ಲಿದೆ. ಸಹಿ ಆಗಬೇಕಿದ್ದ ದಿನ, ಡೀಗೊ ಗಾರ್ಸಿಯಾದಲ್ಲೇ ಹುಟ್ಟಿದ ಇಬ್ಬರು ಮಹಿಳೆಯರು ಲಂಡನ್ನಿನ ನ್ಯಾಯಾಲಯದಿಂದ ತಡೆಯಾಜ್ಞೆ ತಂದಿದ್ದರು. ಕೆಲವು ಗಂಟೆಗಳಲ್ಲಿ ಅದು ತೆರವಾಯಿತು, ಸಹಿ ಬಿತ್ತು. ಚಾಗೋಸ್ ಜನರಲ್ಲಿ ಇದನ್ನು ಸ್ವಾಗತಿಸಿದವರೂ ಇದ್ದಾರೆ, ವಿರೋಧಿಸಿದವರೂ ಇದ್ದಾರೆ. ಯಾರ ಮಾತು ಹೆಚ್ಚು ಎಂದು ಖಚಿತವಾಗಿ ಹೇಳುವಂತಿಲ್ಲ, ಏಕೆಂದರೆ ಎಲ್ಲರನ್ನೂ ಸೇರಿಸಿ ಯಾರೂ ಕೇಳಿಯೇ ಇಲ್ಲ. ಒಪ್ಪಂದದ ಪ್ರಕಾರ ಉಳಿದ ದ್ವೀಪಗಳಿಗೆ ಮರಳಿ ಹೋಗಲು ದಾರಿ ಇದೆ, ಡೀಗೊ ಗಾರ್ಸಿಯಾದವರಿಗೆ ತಮ್ಮ ಊರಿಗೆ ಹೋಗಿ ನೆಲೆಸಲು ಇಲ್ಲ.

ಮಾರಿಷಸ್‌ಗೆ ಆದ ಅನ್ಯಾಯ ಸರಿಯಾಗಬೇಕು ಎಂಬುದರಲ್ಲಿ ನನಗೆ ಸಂಶಯವಿಲ್ಲ. ಆದರೆ ಒಂದು ಸರ್ಕಾರದಿಂದ ಇನ್ನೊಂದು ಸರ್ಕಾರಕ್ಕೆ ಕಾಗದ ಹೋದರೆ ಆ ಹಡಗಿನಲ್ಲಿ ಬಂದವರಿಗೆ ಆದ ಅನ್ಯಾಯ ಸರಿಯಾಗುವುದಿಲ್ಲ.

ಕೊನೆಯದಾಗಿ ಸಮಿತಿಯಲ್ಲಿರುವ ಭಾರತದ ಪ್ರತಿನಿಧಿಗೆ ಒಂದು ಮಾತು. ಈ ಸಮಿತಿಯ ಮೊದಲ ಅಧ್ಯಕ್ಷರು ನಮ್ಮವರೇ ಆದ ಸಿ.ಎಸ್. ಝಾ. ಪೋರ್ಚುಗಲ್ ಪ್ರಾಂತ ಎಂದಾಗ ಅಲ್ಲ, ವಸಾಹತು ಎಂದು ಗಟ್ಟಿಯಾಗಿ ಹೇಳಿದ ದೇಶ ನಮ್ಮದು. ಹಾಗಾಗಿ ಈ ಪ್ರಸ್ತಾಪ ನಿಮ್ಮಿಂದಲೇ ಬರಲಿ. ಮುಂದಿನ ಜೂನ್ ಅಧಿವೇಶನದಲ್ಲಿ ಮಾರಿಷಸ್, ಸೇಷೆಲ್ಸ್, ಬ್ರಿಟನ್ ಮೂರೂ ಕಡೆ ಚದುರಿಹೋಗಿರುವ ಚಾಗೋಸ್ ಜನರ ಸಂಘಟನೆಗಳಿಗೆ ಒಂದು ಪೂರ್ತಿ ದಿನ ಕೊಡಿ. ಯಾವ ಸರ್ಕಾರದ ನಿಯೋಗದ ಹಿಂದೆಯೂ ಅವರು ಕೂರುವುದು ಬೇಡ, ಅವರದೇ ಹೆಸರಿನ ಫಲಕದ ಮುಂದೆ ಕೂರಲಿ. ಕ್ರಿಯೋಲ್‌ನಲ್ಲಿ ಮಾತಾಡಲು ಅನುವಾದಕರನ್ನು ಒದಗಿಸಿ. ಅವರಲ್ಲಿ ದ್ವೀಪದಲ್ಲೇ ಹುಟ್ಟಿದವರು ಈಗ ತುಂಬಾ ವಯಸ್ಸಾದವರು. ಮೊದಲು ಅವರ ಮಾತು ಕೇಳಿ.

ಇಂತಿ,
ಭಾರತದ ಒಬ್ಬ ನಾಗರಿಕ